ಮೋನೋ ಲೇಕ್ ಪಕ್ಕ ಫ್ರೀಯಾಗಿ ಟೆಂಟ್ ಹಾಕಬಹುದಾ? ಹಾಕಬಹುದು, ಆದರೆ 1941ರ ದಡದಿಂದ ಮೇಲೆ

ಓದುಗರ ಪ್ರಶ್ನೆ:

"ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಇದ್ದೇವೆ. ನಾನು, ನನ್ನ ಗಂಡ, 8 ವರ್ಷದ ಮಗಳು. ಈಗ ಹಾಸನದಿಂದ ಮಾವನವರು ಬಂದಿದ್ದಾರೆ. ಅವರಿಗೆ 67 ವರ್ಷ, ಬಿಪಿ ಮಾತ್ರೆ ತಗೋತಾರೆ, ಮಂಡಿ ನೋವಿದೆ, ಉಳಿದಂತೆ ಗಟ್ಟಿಮುಟ್ಟು. ಸೆಪ್ಟೆಂಬರ್ ಮಧ್ಯದಲ್ಲಿ ಮೋನೋ ಲೇಕ್ ಹತ್ತಿರ 3 ರಾತ್ರಿ ಟೆಂಟ್ ಹಾಕಿಕೊಂಡು ಇರೋಣ ಅಂತ ಆಸೆ. ಕ್ಯಾಂಪ್‌ಗ್ರೌಂಡ್ ಬುಕ್ಕಿಂಗ್ ಸಿಗಲಿಲ್ಲ. ಗಂಡನ ಆಫೀಸಿನವರು 'ಅದೆಲ್ಲ ಸರ್ಕಾರಿ ಜಾಗ, ನೀರಿನ ಪಕ್ಕದಲ್ಲೇ ಹಾಕ್ಕೊಳ್ಳಿ, ಯಾರೂ ಕೇಳಲ್ಲ' ಅಂತಾರೆ. ಒಂದು ಆ್ಯಪ್‌ನಲ್ಲೂ ನೀರಿಗೆ ಅಂಟಿಕೊಂಡ ಹಾಗೆ ಒಂದು ಪಿನ್ ಇದೆ, ಫ್ರೀ ಅಂತ ಬರೆದಿದೆ. ಇನ್ನೊಬ್ಬ ಗೆಳತಿ 'ವೀಸಾದಲ್ಲಿ ಇರೋರು ಇಂಥದ್ದಕ್ಕೆಲ್ಲ ಕೈ ಹಾಕಬೇಡಿ' ಅಂತ ಹೆದರಿಸಿದ್ದಾಳೆ. ಕೆರೆ ನೀರು ಕುಡಿಯೋಕೆ ಫಿಲ್ಟರ್ ಕೊಂಡಿದ್ದೇವೆ, ಸಾಕಲ್ವಾ? ಟಾಯ್ಲೆಟ್‌ಗೆ ಏನು ಮಾಡೋದು? ಕರಡಿ ಬರುತ್ತಾ? ಮಾವನವರಿಗೆ ಸೌದೆ ಒಲೆ ಹಾಕಿ ಅನ್ನ ಮಾಡಬೇಕು ಅಂತ ಆಸೆ. ಬಿಡಬಹುದಾ?"

ಉತ್ತರ:

ಮೊದಲು ಭಯದ ಮಾತು ಮುಗಿಸಿಬಿಡೋಣ. ನೀವು ಮಾಡಬೇಕು ಅಂತಿರೋದು ಕಾನೂನಿನ ಪ್ರಕಾರ ಸರಿಯಾದ ಕೆಲಸ. ಅಮೆರಿಕದ ನ್ಯಾಷನಲ್ ಫಾರೆಸ್ಟ್‌ಗಳಲ್ಲಿ, ಬಿಎಲ್‌ಎಂ (ಫೆಡರಲ್ ಸರ್ಕಾರದ ಭೂ ನಿರ್ವಹಣಾ ಇಲಾಖೆ) ಭೂಮಿಯಲ್ಲಿ ಕ್ಯಾಂಪ್‌ಗ್ರೌಂಡ್ ಬಿಟ್ಟು ಹೊರಗೆ ಟೆಂಟ್ ಹಾಕಿ ಮಲಗುವುದಕ್ಕೆ ಬಹಳ ಕಡೆ ಅವಕಾಶ ಇದೆ. ಇಲ್ಲಿಯವರು ಅದನ್ನು 'ಡಿಸ್ಪರ್ಸ್ಡ್ ಕ್ಯಾಂಪಿಂಗ್' ಅನ್ನುತ್ತಾರೆ. ದುಡ್ಡಿಲ್ಲ, ಬುಕ್ಕಿಂಗ್ ಇಲ್ಲ. ನಲ್ಲಿ, ಕಕ್ಕಸು, ಕಸದ ತೊಟ್ಟಿ, ಮೇಜು ಯಾವುದೂ ಇಲ್ಲ. ಸಿಟಿಜನ್ ಆಗಿರಬೇಕು ಅನ್ನೋ ನಿಯಮವೂ ಇಲ್ಲ.

ಆದರೆ ಆ ಪಿನ್ ಇರುವ ಜಾಗದಲ್ಲಿ ಮಾತ್ರ ಹಾಕಬೇಡಿ. ಆ ಫಿಲ್ಟರ್ ನಂಬಿಕೊಂಡೂ ಹೋಗಬೇಡಿ. ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಗಾಬರಿ ಹುಟ್ಟಿಸಿದ್ದು ಇವೆರಡೇ. ಕರಡಿ ಅಲ್ಲ.

ನಾನು ಹಲವು ಬೇಸಿಗೆಗಳನ್ನು ಸಿಯೆರಾ ಬೆಟ್ಟಗಳ ಪೂರ್ವ ಮಗ್ಗುಲಲ್ಲಿ ಕಳೆದಿದ್ದೇನೆ. ಹೊಸಬರಿಗೆ ಕ್ಯಾಂಪಿಂಗ್ ಹೇಳಿಕೊಡೋದು ನನ್ನ ಕೆಲಸ. ನಡುನಡುವೆ ಬೇರೆಯವರು ಬಿಟ್ಟುಹೋದ ಬೆಂಕಿ ಗುಂಡಿಗಳನ್ನು ಒಡೆದು, ಕಸ ಹೆಕ್ಕುವ ಕೆಲಸವೂ ಸೇರಿಕೊಳ್ಳುತ್ತದೆ. ನಮ್ಮವರು ಅಲ್ಲಿ ಎಡವೋದು ಹೆಚ್ಚಾಗಿ ಒಂದೇ ಮಾತಿಗೆ: "ಸರ್ಕಾರಿ ಜಾಗ."

ನಮ್ಮ ಬಾಯಲ್ಲಿ ಅದು ಒಂದೇ ಪದ. ಅಲ್ಲಿ ಸರ್ಕಾರ ಒಬ್ಬನೇ ಯಜಮಾನ ಅಲ್ಲ. ಮೋನೋ ಸುತ್ತ ಒಂದು ಸುತ್ತು ಹಾಕಿದರೆ ಇನ್ಯೋ ನ್ಯಾಷನಲ್ ಫಾರೆಸ್ಟ್‌ನ ಜಾಗ ಸಿಗುತ್ತದೆ. ಕ್ಯಾಲಿಫೋರ್ನಿಯಾ ರಾಜ್ಯದ ರಿಸರ್ವ್ ಸಿಗುತ್ತದೆ. ಬಿಎಲ್‌ಎಂ ಜಾಗ ಇದೆ, ಖಾಸಗಿ ಜಮೀನಿದೆ. ಇವೆಲ್ಲದರ ಜೊತೆಗೆ ಸುಮಾರು 350 ಮೈಲಿ ದೂರದ ಲಾಸ್ ಏಂಜಲೀಸ್ ನಗರದ ನೀರು ಸರಬರಾಜು ಇಲಾಖೆಯ ಜಮೀನೂ ಇದೆ. ಬೆಂಗಳೂರಿನ ಜಲಮಂಡಳಿಗೆ ಕಾರವಾರದ ಆಚೆ ಎಲ್ಲೋ ಜಮೀನಿದ್ದ ಹಾಗೆ. ಫಾರೆಸ್ಟ್ ಜಾಗದಲ್ಲಿ ಮಲಗಬಹುದು. ಲಾಸ್ ಏಂಜಲೀಸ್ ಜಮೀನಿನಲ್ಲಿ ಹಗಲು ತಿರುಗಾಡಬಹುದು, ರಾತ್ರಿ ಉಳಿಯುವ ಹಾಗಿಲ್ಲ. ರಾಜ್ಯದ ರಿಸರ್ವ್‌ನಲ್ಲೂ ಅಷ್ಟೇ. ಇವುಗಳ ನಡುವೆ ಬೇಲಿ ಇರೋದು ಅಪರೂಪ. ಒಂದೇ ಥರದ ಸೇಜ್ ಬ್ರಷ್ ಪೊದೆ, ಒಂದೇ ಥರದ ಬೂದು ಮಣ್ಣು. ಕಣ್ಣಿಗೆ ಗೊತ್ತಾಗುವುದಿಲ್ಲ.

ಈಗ ಆ ಪಿನ್ ವಿಷಯ. ಇದಕ್ಕೆ ಸ್ವಲ್ಪ ಹಿಂದಿನ ಕಥೆ ಹೇಳಲೇಬೇಕು.

ಮೋನೋ ಸರೋವರಕ್ಕೆ ಬೆಟ್ಟದಿಂದ ತೊರೆಗಳು ಬಂದು ಸೇರುತ್ತವೆ, ಹೊರಗೆ ಹೋಗುವ ದಾರಿ ಇಲ್ಲ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. 1941ರಲ್ಲಿ ಲಾಸ್ ಏಂಜಲೀಸ್ ನಗರ ಆ ತೊರೆಗಳ ನೀರನ್ನು ತನ್ನ ಕಡೆ ತಿರುಗಿಸಿಕೊಂಡಿತು. ಆಗ ಸರೋವರದ ಮಟ್ಟ ಸಮುದ್ರದಿಂದ 6,417 ಅಡಿ ಎತ್ತರದಲ್ಲಿತ್ತು. 1982ರ ಹೊತ್ತಿಗೆ 45 ಅಡಿ ಇಳಿದಿತ್ತು, ಉಪ್ಪು ದುಪ್ಪಟ್ಟಾಗಿತ್ತು. 1978ರಲ್ಲಿ ಹುಟ್ಟಿದ ಮೋನೋ ಲೇಕ್ ಕಮಿಟಿ ಮತ್ತು ಹಕ್ಕಿಗಳ ರಕ್ಷಣೆಗೆ ದುಡಿಯುವ ಆಡುಬಾನ್ ಸೊಸೈಟಿ ಕೋರ್ಟಿಗೆ ಹೋದವು. 1983ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಸರೋವರದ ಪರ ತೀರ್ಪು ಕೊಟ್ಟಿತು. 1994ರಲ್ಲಿ ರಾಜ್ಯದ ಜಲ ಮಂಡಳಿ ನೀರು 6,392 ಅಡಿಗೆ ಏರಬೇಕು ಎಂದು ಆದೇಶ ಮಾಡಿತು. ಇನ್ನೂ ಅಷ್ಟು ಏರಿಲ್ಲ.

ಟೆಂಟಿಗೂ ಇದಕ್ಕೂ ಏನು ಸಂಬಂಧ ಅಂತೀರಾ? ನೀರು ಇಳಿದಾಗ ತೆರೆದುಕೊಂಡಿತಲ್ಲ, ಆ ಬಯಲು, ಅಂದರೆ 6,417 ಅಡಿಗಿಂತ ಕೆಳಗಿನ ಹಳೇ ಕೆರೆಯಂಗಳ, ರಾಜ್ಯದ ರಿಸರ್ವ್‌ಗೆ ಸೇರಿದ್ದು. ಅಲ್ಲಿ ಕ್ಯಾಂಪಿಂಗ್ ಇಲ್ಲ. ನಿಮ್ಮ ಪಿನ್ ನೀರಿಗೆ ಅಂಟಿಕೊಂಡಿದೆ ಅಂದರೆ ಅದು ಆ ಬಯಲಲ್ಲೇ ಇದೆ. ನೀವು ಮಲಗಬೇಕಾದದ್ದು 1941ರಲ್ಲಿ ದಡ ಎಲ್ಲಿತ್ತೋ ಅದರಿಂದ ಮೇಲೆ.

ಎತ್ತರದ ಲೆಕ್ಕದಲ್ಲಿ ಇದು ಮೂವತ್ತು ಚಿಲ್ಲರೆ ಅಡಿ, ಅಷ್ಟೇ. ಆದರೆ ಇಳಿಜಾರು ತುಂಬ ಕಡಿಮೆ ಇರುವ ಕಡೆ ನೀರಿಂದ ಆ ಗೆರೆವರೆಗೆ ಒಂದು ಕಿಲೋಮೀಟರ್, ಕೆಲವು ಕಡೆ ಇನ್ನೂ ಜಾಸ್ತಿ ನಡೆಯಬೇಕು. ಕೆಆರ್‌ಎಸ್ ಹಿನ್ನೀರು ಬೇಸಿಗೆಯಲ್ಲಿ ಇಳಿದಾಗ ಕಾಣುವ ಬಯಲು ನೋಡಿದ್ದೀರಲ್ಲ, ಹಾಗೆ. ನೋಡೋಕೆ ಖಾಲಿ ಜಾಗ, ಆದರೆ ಲೆಕ್ಕಕ್ಕೆ ಅದು ಕೆರೆಯೇ.

ಒಂದು ರಾತ್ರಿ ಹತ್ತೂವರೆಗೆ ನಾನು ಆ ಬಯಲಲ್ಲಿ ನಾಲ್ಕು ಹುಡುಗರನ್ನು ನೋಡಿದೆ. ಟೆಂಟ್ ಹಾಕಿ, ಕುರ್ಚಿ ಹಾಕಿ ಕೂತಿದ್ದರು. ಅವರ ಫೋನಿನಲ್ಲೂ ಅಂಥದ್ದೇ ಒಂದು ಪಿನ್. ಕೆಟ್ಟವರೇನಲ್ಲ, ಕಸ ಒಂದು ಚೂರೂ ಚೆಲ್ಲಿರಲಿಲ್ಲ. ಎದ್ದು ಎಲ್ಲ ಮಡಚಿ, ತಲೆದೀಪ ಹಾಕಿಕೊಂಡು ನನ್ನ ಜೊತೆ ಮೇಲಕ್ಕೆ ನಡೆದರು. ಮೊದಲು ಕಾಲ ಕೆಳಗೆ ಬಿಳಿ ಉಪ್ಪಿನ ಪದರ, ಹಪ್ಪಳ ಮುರಿದ ಹಾಗೆ ಸದ್ದು. ಆಮೇಲೆ ಹುಲ್ಲು. ಆಮೇಲೆ ಚಿಕ್ಕ ಪೊದೆ. ಎಷ್ಟೋ ಹೊತ್ತಾದ ಮೇಲೆ ಮೊಣಕಾಲುದ್ದದ ಹಳೇ ಸೇಜ್ ಬ್ರಷ್, ಬುಡ ದಪ್ಪಗಿರೋದು. ಅವರಲ್ಲೊಬ್ಬ ಹಿಂತಿರುಗಿ ನೋಡಿ "ಇಷ್ಟು ದೂರ ನೀರಿತ್ತಾ?" ಅಂದ. ಇತ್ತು. ಅವನ ಅಜ್ಜನ ಕಾಲದಲ್ಲಿ.

ಹಾಗಾದರೆ ಎಲ್ಲಿ ಹಾಕೋದು? ಲೀ ವೈನಿಂಗ್ ಊರಿಂದ 395 ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಸುಮಾರು 5 ಮೈಲಿ ಬಂದರೆ ಎಡಕ್ಕೆ 120 ಪೂರ್ವ ರಸ್ತೆ ಸಿಗುತ್ತದೆ. ಆ ರಸ್ತೆಯ ದಕ್ಷಿಣ ಮಗ್ಗುಲಲ್ಲಿ ಮೋನೋ ಕ್ರೇಟರ್ಸ್ ಅನ್ನುವ ಜ್ವಾಲಾಮುಖಿ ಗುಡ್ಡಗಳ ಸಾಲಿದೆ. ಅದರ ಬುಡದ ಕಡೆ ಇನ್ಯೋ ಫಾರೆಸ್ಟ್‌ನ ಮಣ್ಣುರಸ್ತೆಗಳಿವೆ, ಜೆಫ್ರಿ ಪೈನ್ ಮರಗಳ ನೆರಳೂ ಇದೆ. ಜನ ಮೊದಲೇ ಟೆಂಟ್ ಹಾಕಿ ಗಟ್ಟಿಯಾದ ಜಾಗಗಳು ಅಲ್ಲಲ್ಲಿ ಕಾಣುತ್ತವೆ. ಅಂಥದ್ದನ್ನೇ ಆರಿಸಿಕೊಳ್ಳಿ, ಹೊಸ ಜಾಗ ಸವರಬೇಡಿ. ನೀರು ಪಕ್ಕದಲ್ಲಿ ಇರುವುದಿಲ್ಲ. ಆದರೆ ಸ್ವಲ್ಪ ಎತ್ತರದ ಜಾಗ ಸಿಕ್ಕರೆ ಬೆಳಗ್ಗೆ ಎದ್ದ ತಕ್ಷಣ ಕೆಳಗೆ ಇಡೀ ಸರೋವರ ತಟ್ಟೆಯಲ್ಲಿಟ್ಟ ಹಾಗೆ ಕಾಣುತ್ತದೆ. ನಿಜ ಹೇಳಬೇಕೆಂದರೆ ನೀರಿನ ಪಕ್ಕ ಮಲಗೋದಕ್ಕಿಂತ ಅದೇ ಚೆನ್ನ. ದಡದ ಹತ್ತಿರ ಕೊಳೆತ ಮೊಟ್ಟೆಯ ವಾಸನೆ ಏಳೋದುಂಟು, ಕರೀ ನೊಣಗಳ ಪಟ್ಟಿಯೇ ಇರುತ್ತದೆ.

ಜಾಗ ಗೊತ್ತುಮಾಡಲು ಆ್ಯಪ್‌ನ ಪಿನ್ ನೋಡಬೇಡಿ, ಆ್ಯಪ್‌ನ ನಕ್ಷೆ ನೋಡಿ. ಪಿನ್ ಯಾರೋ ಹೋಗಿ ಬಂದವರು ಚುಚ್ಚಿದ್ದು. ಅವರನ್ನು ಆವತ್ತು ಯಾರೂ ಹಿಡಿಯಲಿಲ್ಲ ಅನ್ನೋದಷ್ಟೇ ಅದರ ಅರ್ಥ. ಒಳ್ಳೇ ಮ್ಯಾಪ್ ಆ್ಯಪ್‌ಗಳಲ್ಲಿ ಭೂಮಿ ಯಾರದ್ದು ಅಂತ ಬಣ್ಣದಲ್ಲಿ ತೋರಿಸುವ ಪದರ ಇರುತ್ತದೆ. ಹೆಚ್ಚಾಗಿ ಹಸಿರು ಅಂದರೆ ನ್ಯಾಷನಲ್ ಫಾರೆಸ್ಟ್, ಹಳದಿ ಅಂದರೆ ಬಿಎಲ್‌ಎಂ, ನೀಲಿ ರಾಜ್ಯದ್ದು, ಬಿಳಿ ಖಾಸಗಿ. ಫಾರೆಸ್ಟ್‌ನವರು ವಾಹನ ಹೋಗಬಹುದಾದ ರಸ್ತೆಗಳ ನಕ್ಷೆಯನ್ನೂ ಉಚಿತವಾಗಿ ಕೊಡುತ್ತಾರೆ. ಅದರಲ್ಲಿ ಇಲ್ಲದ ರಸ್ತೆಗೆ ಕಾರು ಇಳಿಸಬೇಡಿ. ಎರಡನ್ನೂ ಮನೆಯಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಊರು ಬಿಟ್ಟ ಮೇಲೆ ಸಿಗ್ನಲ್ ನಂಬೋ ಹಾಗಿಲ್ಲ.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ಅಲ್ಲಿಯ ಮಣ್ಣು ಮಣ್ಣಲ್ಲ, ಪ್ಯೂಮಿಸ್. ಹಿಮ್ಮಡಿ ಉಜ್ಜುವ ಕಲ್ಲು ಗೊತ್ತಲ್ಲ, ಅದೇ ಕಲ್ಲಿನ ಪುಡಿ. ಅಲ್ಲಿಯ ಪೇನಮ್ ಕ್ರೇಟರ್ ಸಿಡಿದು ಆರೇಳು ನೂರು ವರ್ಷ ಆಗಿದೆ ಅಷ್ಟೇ, ಭೂಮಿಯ ಲೆಕ್ಕದಲ್ಲಿ ನಿನ್ನೆ ಮೊನ್ನೆ. ಆ ಪುಡಿಯಲ್ಲಿ ಸಾಧಾರಣ ಫ್ಯಾಮಿಲಿ ಕಾರು ಬೆಲ್ಲದ ಪಾಕದಲ್ಲಿ ಇರುವೆ ಸಿಕ್ಕಿಕೊಂಡ ಹಾಗೆ ಸಿಕ್ಕಿಕೊಳ್ಳುತ್ತದೆ. ಆ್ಯಕ್ಸಿಲರೇಟರ್ ಒತ್ತಿದಷ್ಟೂ ಒಳಗೆ ಹೋಗುತ್ತದೆ. ಹಾಗಾದರೆ ನಿಲ್ಲಿಸಿ, ಟೈರಿನ ಗಾಳಿ 20 ಪಿಎಸ್‌ಐ ಸುಮಾರಿಗೆ ಇಳಿಸಿ, ಟೈರಿನ ಹಿಂದೆ ಕಾರಿನ ಮ್ಯಾಟ್ ಹಾಸಿ, ನಿಧಾನಕ್ಕೆ ಬಂದ ದಾರಿಯಲ್ಲೇ ಹಿಂದಕ್ಕೆ ತೆಗೆಯಿರಿ. ಮತ್ತೆ ಗಾಳಿ ತುಂಬಲು ಚಿಕ್ಕ ಪಂಪ್ ಬೇಕು. ಅದಕ್ಕಿಂತ ಸುಲಭ ಉಪಾಯ: ರಸ್ತೆ ಮೆತ್ತಗೆ ಕಂಡರೆ ಇಳಿದು ನಡೆದು ನೋಡಿ. ನಿಮ್ಮ ಚಪ್ಪಲಿ ಹೂತರೆ ಕಾರೂ ಹೂಳುತ್ತದೆ.

ವೀಸಾ ಬಗ್ಗೆ ಎರಡು ಮಾತು. ತಪ್ಪು ಜಾಗದಲ್ಲಿ ಟೆಂಟ್ ಹಾಕಿದರೆ ಹೆಚ್ಚಾಗಿ "ಇಲ್ಲಿಂದ ಎದ್ದು ಹೋಗಿ" ಅನ್ನುತ್ತಾರೆ. ಕೆಲವೊಮ್ಮೆ ಟಿಕೆಟ್ ಕೊಡುತ್ತಾರೆ. ನಿಯಮ ಪಾಲಿಸಿಕೊಂಡು ಇರೋರನ್ನು ರೇಂಜರ್ ಬಂದು ಮಾತಾಡಿಸಿದರೂ ಅದು ಕ್ಷೇಮ ಸಮಾಚಾರ ವಿಚಾರಿಸೋಕೆ, ಬೆಂಕಿ ಪರ್ಮಿಟ್ ನೋಡೋಕೆ. ನಿಜವಾದ ತೊಂದರೆ ಶುರುವಾಗೋದು ಟಿಕೆಟ್ ಸಿಕ್ಕಿದ ಮೇಲೆ ಅದನ್ನು ಡ್ರಾಯರಿನಲ್ಲಿಟ್ಟು ಮರೆತಾಗ. ಫೆಡರಲ್ ಜಾಗದಲ್ಲಿ ಕೊಡುವ ಟಿಕೆಟ್ ಫೆಡರಲ್ ಕೋರ್ಟಿನದ್ದು. ಹಾಜರಾಗದೆ, ದಂಡವನ್ನೂ ಕಟ್ಟದೆ ಬಿಟ್ಟರೆ ವಾರಂಟ್‌ವರೆಗೆ ಹೋಗಬಹುದು. ಹಾಗಾಗಿ, ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ಮೊದಲು ನಿಮ್ಮ ಇಮಿಗ್ರೇಷನ್ ವಕೀಲರಿಗೆ ತೋರಿಸಿ, ಗಡುವಿನೊಳಗೆ ಮುಗಿಸಿ. ಅದಕ್ಕಾಗಿ ಟ್ರಿಪ್ಪೇ ಬಿಡಬೇಕಾಗಿಲ್ಲ. ನಿಮ್ಮ ಗೆಳತಿಯ ಭಯ ಎಲ್ಲಿಂದ ಬಂತು ಅಂತ ಗೊತ್ತು: ನಮ್ಮೂರ ಕಡೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಡಿನೊಳಗೆ ರಾತ್ರಿ ಕಳೆಯೋ ಹಾಗಿಲ್ಲ. ಆ ರೂಢಿ ತಲೆಯಲ್ಲಿ ಉಳಿದಿರುತ್ತದೆ.

ನೀರು. ಮೋನೋ ನೀರು ಸಮುದ್ರಕ್ಕಿಂತ ಎರಡೂವರೆ, ಮೂರು ಪಟ್ಟು ಉಪ್ಪು. ಸಾಲದ್ದಕ್ಕೆ ಕ್ಷಾರ, ಬೆರಳಲ್ಲಿ ಉಜ್ಜಿದರೆ ಸೋಪಿನ ನೀರಿನ ಹಾಗೆ ಜಾರುತ್ತದೆ. ನೀವು ಕೊಂಡಿರುವಂಥ ಟ್ರೆಕ್ಕಿಂಗ್ ಫಿಲ್ಟರ್ ಬ್ಯಾಕ್ಟೀರಿಯಾ ತಡೆಯುತ್ತದೆ, ಕೆಸರು ತಡೆಯುತ್ತದೆ. ಕರಗಿದ ಉಪ್ಪನ್ನು ತಡೆಯುವುದಿಲ್ಲ. ಕುದಿಸಿದರೆ ಇನ್ನೂ ಉಪ್ಪಾಗುತ್ತದೆ. ಪಾತ್ರೆ ತೊಳೆಯೋಕೂ ಬಾರದ ನೀರು ಅದು.

ಹಾಗಾಗಿ ಒಂದೊಂದು ಹನಿಯೂ ಕಾರಿನಲ್ಲೇ ಹೋಗಬೇಕು. ಲೆಕ್ಕ ಹೀಗಿಟ್ಟುಕೊಳ್ಳಿ: ಕುಡಿಯಲು, ಅಡುಗೆಗೆ, ಕೈ ಬಾಯಿ ತೊಳೆಯಲು ಒಬ್ಬರಿಗೆ ದಿನಕ್ಕೆ 4ರಿಂದ 5 ಲೀಟರ್. ನಾಲ್ಕು ಜನ, ನಾಲ್ಕು ಹಗಲು: ಹೆಚ್ಚೂಕಮ್ಮಿ 80 ಲೀಟರ್. ಇಲ್ಲಿ ಸಿಗುವ 7 ಗ್ಯಾಲನ್‌ನ ನೀಲಿ ಡಬ್ಬಗಳು ಮೂರು ಆದರೆ ಸರಿಹೋಗುತ್ತದೆ. ಮೂರನ್ನೂ ಒಂದೇ ಪಕ್ಕ ಇಡಬೇಡಿ, ಕಾರು ವಾಲುತ್ತದೆ. ನಡುವೆ ಖಾಲಿಯಾದರೆ ಲೀ ವೈನಿಂಗ್‌ಗೆ ಬಂದು ಕೊಂಡುಕೊಳ್ಳಬಹುದು. ಫಿಲ್ಟರ್ ದಂಡವಾಗಲ್ಲ. ಮುಂದೆ ಸಿಹಿನೀರಿನ ಲೇಕ್ ಹತ್ತಿರ ಹೋದಾಗ ಬರುತ್ತದೆ.

ಅಂದಹಾಗೆ ಮೋನೋದಲ್ಲಿ ಈಜಬಹುದು. ಉಪ್ಪಿಗೆ ದೇಹ ತಾನಾಗಿ ತೇಲುತ್ತದೆ, ಮಗಳಿಗೆ ಮಜಾ. ಕಣ್ಣಿಗೆ ಬಿದ್ದರೆ, ಗಾಯವಿದ್ದರೆ ಚುರ್ ಅನ್ನುತ್ತದೆ. ಹೊರಗೆ ಬಂದ ಮೇಲೆ ಮೈ ತೊಳೆಯಲು ಸಿಹಿನೀರು ಬೇಕು, ಆ 80 ಲೀಟರಿನಲ್ಲಿ ಅದು ಸೇರಿಲ್ಲ.

ಟಾಯ್ಲೆಟ್ ಬಗ್ಗೆ ನೀವು ಮುಜುಗರ ಪಡದೆ ಕೇಳಿದ್ದು ಒಳ್ಳೆಯದಾಯಿತು. ನಿಯಮ ಸರಳ. ಯಾವುದೇ ನೀರು, ಟೆಂಟು, ಕಾಲುದಾರಿಯಿಂದ 200 ಅಡಿ, ಅಂದರೆ ದೊಡ್ಡವರ ಸುಮಾರು 70 ಹೆಜ್ಜೆ ದೂರ ಹೋಗಬೇಕು. ಚಿಕ್ಕ ಗುದ್ದಲಿಯಲ್ಲಿ 6ರಿಂದ 8 ಇಂಚು ಆಳದ ಗುಂಡಿ ತೆಗೆದು, ಮುಗಿದ ಮೇಲೆ ಅದೇ ಮಣ್ಣು ಮುಚ್ಚಬೇಕು. ಟಿಶ್ಯೂ ಪೇಪರ್ ಹೂಳಬೇಡಿ, ಚೀಲದಲ್ಲಿ ವಾಪಸ್ ತನ್ನಿ. ಕಾಯೊಟಿಗಳು (ನಮ್ಮ ನರಿಯಂಥ ಪ್ರಾಣಿ) ತೋಡಿ ಎಳೆದಾಡುತ್ತವೆ, ನಾನು ಹೆಕ್ಕುವ ಕಸದಲ್ಲಿ ಅರ್ಧ ಅದೇ. ಇಲ್ಲಿ ನಮಗೊಂದು ಅನುಕೂಲ ಇದೆ: ತಂಬಿಗೆ. ಮಾವನವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತೊಳೆಯುವ ನೀರೂ ಗುಂಡಿಯ ಒಳಗೇ ಬೀಳಲಿ, ಅಷ್ಟೇ.

ಆದರೆ ಮಂಡಿ ನೋವಿರುವವರನ್ನು ಗುಂಡಿಯ ಮೇಲೆ ಕುಕ್ಕರುಗಾಲಲ್ಲಿ ಕೂರಿಸಬೇಡಿ, ಅದೂ ಜಾರುವ ಪ್ಯೂಮಿಸ್ ಮೇಲೆ. ಮಡಚುವ ಸೀಟು ಸಿಗುತ್ತದೆ, ಅದರ ಕೆಳಗೆ ಕಟ್ಟುವ ಚೀಲಗಳೂ ಸಿಗುತ್ತವೆ. ಚೀಲದೊಳಗಿನ ಪುಡಿ ಎಲ್ಲವನ್ನೂ ಗಟ್ಟಿ ಮಾಡಿಬಿಡುತ್ತದೆ, ವಾಸನೆ ಬರಲ್ಲ. ಕಟ್ಟಿ ಮುಚ್ಚಿದರೆ ಮಾಮೂಲಿ ಕಸಕ್ಕೆ ಹಾಕಬಹುದು. ಒಣ ನೆಲದಲ್ಲಿ ಹೂತದ್ದು ಬೇಗ ಕೊಳೆಯುವುದಿಲ್ಲ, ಹಾಗಾಗಿ ನನ್ನನ್ನು ಕೇಳಿದರೆ ನಾಲ್ವರಿಗೂ ಚೀಲವೇ ಒಳ್ಳೆಯದು. ಒಂದು ಪಾಪ್‌ಅಪ್ ಮರೆ ಟೆಂಟ್ ತಂದರೆ ಮಾವನವರು ನಿಮಗೆ ಮನಸ್ಸಿನಲ್ಲೇ ಆಶೀರ್ವಾದ ಮಾಡುತ್ತಾರೆ.

ಈಗ ಸೌದೆ ಒಲೆ. ಇಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು.

ಕ್ಯಾಲಿಫೋರ್ನಿಯಾದಲ್ಲಿ ಕ್ಯಾಂಪ್‌ಗ್ರೌಂಡ್‌ನ ಹೊರಗೆ ಬೆಂಕಿ ಹಾಕಲು ಪರ್ಮಿಟ್ ಬೇಕು. ಗ್ಯಾಸ್ ಸ್ಟವ್ ಹಚ್ಚೋದಕ್ಕೂ ಬೇಕು, ಇದು ಬಹಳ ಜನಕ್ಕೆ ಗೊತ್ತಿಲ್ಲ. ಆನ್‌ಲೈನ್‌ನಲ್ಲಿ ಒಂದು ವಿಡಿಯೊ ನೋಡಿ, ನಾಲ್ಕು ಪ್ರಶ್ನೆಗೆ ಉತ್ತರ ಕೊಟ್ಟರೆ ಉಚಿತವಾಗಿ ಸಿಗುತ್ತದೆ. ಆ ವರ್ಷದ ಡಿಸೆಂಬರ್ 31ರವರೆಗೆ ನಡೆಯುತ್ತದೆ. ಆದರೆ ಪರ್ಮಿಟ್ ಇದ್ದ ಮಾತ್ರಕ್ಕೆ ಬೆಂಕಿ ಹಾಕಬಹುದು ಅಂತಲ್ಲ. ಬೇಸಿಗೆ ಕೊನೆಯಲ್ಲಿ ಕಾಡು ಒಣಗಿದಾಗ ಫಾರೆಸ್ಟ್‌ನವರು ನಿರ್ಬಂಧ ಹಾಕುತ್ತಾರೆ. ಆಗ ಸೌದೆ ಬೆಂಕಿ ಪೂರ್ತಿ ಬಂದ್. ತಿರುಗಿಸಿದರೆ ಆರುವ ಗ್ಯಾಸ್ ಸ್ಟವ್‌ಗೆ ಮಾತ್ರ ಅವಕಾಶ. ಸೆಪ್ಟೆಂಬರ್ ಅಂದರೆ ಸರಿಯಾಗಿ ಆ ಕಾಲ.

ನಿರ್ಬಂಧ ಇಲ್ಲದಿದ್ದರೂ ನಾನು ಬೇಡ ಅನ್ನುತ್ತೇನೆ. ಮೋನೋ ಬಯಲಿನಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಎದ್ದರೆ ಕುರ್ಚಿ ಹಾರುತ್ತದೆ. ಸೇಜ್ ಬ್ರಷ್ ಪೊದೆಯಲ್ಲಿ ಎಣ್ಣೆಯಂಶ ಇದೆ, ಒಂದು ಕಿಡಿ ಸಾಕು. ಮಾವನವರ ಆಸೆ ತೀರಿಸಲೇಬೇಕು ಅಂದರೆ ಬೆಂಕಿ ಹಾಕಲೆಂದೇ ನೆಲದಲ್ಲಿ ಕಬ್ಬಿಣದ ಬಳೆ ಇರುವ ಕ್ಯಾಂಪ್‌ಗ್ರೌಂಡ್‌ನಲ್ಲಿ ಒಂದು ರಾತ್ರಿ ಇಟ್ಟುಕೊಳ್ಳಿ, ಬೆಂಕಿಗೆ ಅವಕಾಶ ಇದೆಯಾ ಅಂತ ಕೇಳಿಕೊಂಡು. ಬಯಲಲ್ಲಿ ಹಾಕುವುದಾದರೆ ಸುತ್ತ 5 ಅಡಿ ಕಸಕಡ್ಡಿ ಕೆರೆದು ತೆಗೆಯಬೇಕು, ಸಲಿಕೆ ಪಕ್ಕದಲ್ಲಿರಬೇಕು, ಆರಿಸಲು ನೀರು ಬೇರೆಯೇ ಎತ್ತಿಟ್ಟಿರಬೇಕು. ಆರಿಸೋದು ಅಂದರೆ ಮಣ್ಣು ಮುಚ್ಚೋದಲ್ಲ. ಮಣ್ಣಿನ ಕೆಳಗೆ ಕೆಂಡ ರಾತ್ರಿಯಿಡೀ ಜೀವ ಹಿಡಿದಿರುತ್ತದೆ. ಬೆಳಗ್ಗೆ ಎಂಟಕ್ಕೆ ಜನ ಬಿಟ್ಟುಹೋದ ಗುಂಡಿಗೆ ಕೈ ಹಾಕಿ ಬೆರಳು ಸುಟ್ಟುಕೊಂಡಿದ್ದೇನೆ. ನೀರು ಸುರಿಯಿರಿ, ಕಲಸಿ, ಮತ್ತೆ ಸುರಿಯಿರಿ, ಬರಿಗೈಯಲ್ಲಿ ಮುಟ್ಟಿ ನೋಡಿ. ಸೌದೆಯನ್ನು ಫ್ರೀಮಾಂಟ್‌ನಿಂದ ಹೊತ್ತು ತರಬೇಡಿ. ಸೌದೆಯ ಜೊತೆ ಮರ ಕೊಲ್ಲುವ ಹುಳುವೂ ಬರುತ್ತದೆ, ಅಲ್ಲೇ ಕೊಳ್ಳಿ.

ಮಾವನವರು ಬೆಳಗ್ಗೆ ಊದುಬತ್ತಿ ಹಚ್ಚುವವರಾ? ನಿರ್ಬಂಧ ಇರುವಾಗ ಸಿಗರೇಟನ್ನೂ ಮುಚ್ಚಿದ ಕಾರಿನೊಳಗೇ ಸೇದಬೇಕು ಅನ್ನುವ ನಿಯಮ ಇರುತ್ತದೆ. ಊದುಬತ್ತಿಯನ್ನೂ ಅದೇ ಲೆಕ್ಕಕ್ಕೆ ಸೇರಿಸಿಬಿಡಿ. ಮೂರು ದಿನ ಕೈ ಮುಗಿದರೆ ದೇವರು ಬೇಜಾರು ಮಾಡ್ಕೊಳ್ಳಲ್ಲ.

ಒಲೆಯ ವಿಷಯದಲ್ಲೇ ಇನ್ನೊಂದು. ಚಳಿ ಅಂತ ಸ್ಟವ್ ಅನ್ನು ಟೆಂಟ್ ಒಳಗೆ ತಂದು ಕಾಫಿ ಕಾಸಬೇಡಿ. ಇದನ್ನು ನಮ್ಮವರು ತುಂಬ ಮಾಡುತ್ತಾರೆ. ಟೆಂಟಿಗೆ ಬೆಂಕಿ ತಾಗುವುದು ಒಂದು ಅಪಾಯ. ಅದಕ್ಕಿಂತ ದೊಡ್ಡದು ಕಾರ್ಬನ್ ಮೊನಾಕ್ಸೈಡ್. ವಾಸನೆ ಇಲ್ಲ, ಬಣ್ಣ ಇಲ್ಲ. ನಿದ್ದೆ ಬಂದ ಹಾಗಾಗುತ್ತದೆ, ಏಳುವುದೇ ಇಲ್ಲ. ಇದ್ದಿಲ ಒಲೆಯೂ ಅಷ್ಟೇ. ಚಳಿಗೆ ಬಿಸಿನೀರು ತುಂಬಿದ ಬಾಟಲಿ ಸಾಕು, ಸ್ಲೀಪಿಂಗ್ ಬ್ಯಾಗಿನೊಳಗೆ ಕಾಲ ಹತ್ತಿರ ಇಟ್ಟುಕೊಳ್ಳಿ.

ಕರಡಿ ಬರುತ್ತಾ? ಆ ಭಾಗದಲ್ಲಿ ಕಪ್ಪು ಕರಡಿಗಳಿವೆ. ಲೀ ವೈನಿಂಗ್ ಕಣಿವೆ, ಜೂನ್ ಲೇಕ್, ಮ್ಯಾಮತ್ ಕಡೆ ಜಾಸ್ತಿ. ಬೋಳು ಬಯಲಲ್ಲಿ ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ. ದರೋಜಿ ಕಡೆಯ ನಮ್ಮ ಕರಡಿಯನ್ನು ತಲೆಯಲ್ಲಿಟ್ಟುಕೊಂಡು ಇದನ್ನು ಅಳೆಯಬೇಡಿ. ನಮ್ಮದು ಹಠಾತ್ತಾಗಿ ಎದುರಾದರೆ ಮೈಮೇಲೆ ಬೀಳುವ ಪ್ರಾಣಿ. ಇಲ್ಲಿಯ ಕಪ್ಪು ಕರಡಿಗೆ ಹೆಚ್ಚಾಗಿ ನೀವು ಬೇಡ, ನಿಮ್ಮ ಪುಳಿಯೋಗರೆ ಬೇಕು. ಗೊಜ್ಜು, ಒಗ್ಗರಣೆ, ಕಡಲೆಬೀಜ, ತುಪ್ಪ: ಮೂಗಿಗೆ ಅದಕ್ಕಿಂತ ದೊಡ್ಡ ಆಹ್ವಾನ ಪತ್ರಿಕೆ ಇಲ್ಲ. ಕರಡಿ ಡಬ್ಬ ಅಂತ ಗಟ್ಟಿ ಪ್ಲಾಸ್ಟಿಕ್‌ನ ಉರುಟು ಡಬ್ಬ ಬರುತ್ತದೆ, ಬಾಡಿಗೆಗೂ ಸಿಗುತ್ತದೆ. ವಾಸನೆ ಬರುವ ಎಲ್ಲವೂ, ಟೂತ್‌ಪೇಸ್ಟ್, ಕೊಬ್ಬರಿ ಎಣ್ಣೆ, ಮಗಳ ಚಾಕೊಲೇಟ್ ಕಾಗದ ಸಮೇತ, ಅದರೊಳಗೆ. ಡಬ್ಬ ಟೆಂಟಿನಿಂದ ನೂರು ಹೆಜ್ಜೆ ಆಚೆ. ಟೆಂಟ್ ಒಳಗೆ ಒಂದು ಬಿಸ್ಕತ್ತೂ ಬೇಡ. ಕಾರಿನ ಗಾಜು ಇಳಿಸಿಡಬೇಡಿ. ಕರಡಿಗೆ ಬಾಗಿಲು ತೆಗೆಯಲು ಬರುತ್ತದೆ, ತಮಾಷೆಗೆ ಹೇಳುತ್ತಿಲ್ಲ. ಬಂದೇ ಬಂತು ಅಂದರೆ ಓಡಬೇಡಿ, ಒಟ್ಟಿಗೆ ನಿಂತು ತಟ್ಟೆ ಬಡಿದು ಕೂಗಿ. ಆದರೂ ನಿಮ್ಮ ಅವಲಕ್ಕಿ ಕದಿಯೋದು ಕರಡಿಗಿಂತ ಹೆಚ್ಚಾಗಿ ಇಲಿ ಮತ್ತು ರೇವನ್ ಕಾಗೆ.

ಮಾವನವರ ವಿಷಯಕ್ಕೆ ಬರುತ್ತೇನೆ. ಮೋನೋ ಸರೋವರದ ನೀರಿನ ಮಟ್ಟವೇ ನಮ್ಮ ಮುಳ್ಳಯ್ಯನಗಿರಿ ತುದಿಗಿಂತ ಸ್ವಲ್ಪ ಎತ್ತರ. ಅಂದರೆ ಕರ್ನಾಟಕದ ಅತಿ ಎತ್ತರದ ಶಿಖರಕ್ಕಿಂತ ಮೇಲೆ ನೀವು ಹಾಸಿಗೆ ಹಾಸುತ್ತೀರಿ. ಹೋಗುವ ದಾರಿಯಲ್ಲಿ ಟಯೋಗಾ ಪಾಸ್ 9,943 ಅಡಿ. ಸಮುದ್ರ ಮಟ್ಟದ ಫ್ರೀಮಾಂಟ್‌ನಿಂದ ಒಂದೇ ದಿನದಲ್ಲಿ ಅಷ್ಟು ಏರಿದರೆ ತಲೆನೋವು, ಸುಸ್ತು ಬರಬಹುದು. ಬಿಪಿ ಮಾತ್ರೆಯ ಬಗ್ಗೆ ಹೊರಡುವ ಮೊದಲೇ ಅವರ ಡಾಕ್ಟರಿಗೆ ಒಂದು ಫೋನ್ ಮಾಡಿ. ನೀರು ಕುಡಿಸುತ್ತಿರಿ, ಅಲ್ಲಿಯ ಗಾಳಿ ತುಂಬ ಒಣ. ಎದೆ ಹಿಡಿದರೆ, ಕೂತಲ್ಲೂ ಉಸಿರು ಕಟ್ಟಿದರೆ ಕಾಯಬೇಡಿ. ಹತ್ತಿರದ ಆಸ್ಪತ್ರೆ ಮ್ಯಾಮತ್ ಲೇಕ್ಸ್‌ನಲ್ಲಿ, ಲೀ ವೈನಿಂಗ್‌ನಿಂದ ಸುಮಾರು ಅರ್ಧ ಗಂಟೆ ದಾರಿ. ಐಫೋನ್ 14 ಅಥವಾ ಆಮೇಲಿನದ್ದು ಇದ್ದರೆ ಸಿಗ್ನಲ್ ಇಲ್ಲದ ಕಡೆಯೂ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸಬಹುದು. ಅದರ ಡೆಮೊ ಫೋನಿನಲ್ಲೇ ಇದೆ, ಮನೆಯಂಗಳದಲ್ಲಿ ಒಮ್ಮೆ ಮಾಡಿ ನೋಡಿ. ಸೆಪ್ಟೆಂಬರ್ ರಾತ್ರಿ ಹಾಸನದ ಜನವರಿಗಿಂತ ತಣ್ಣಗಿರುತ್ತದೆ. ನೆಲದಿಂದ ಏಳುವ ಚಳಿಗೆ ಗಾಳಿ ಹಾಸಿಗೆಗಿಂತ ದಪ್ಪ ಫೋಮ್ ಹಾಸು ಒಳ್ಳೆಯದು. ಮಂಡಿ ನೋವಿರುವವರಿಗೆ ಮಡಚುವ ಮಂಚ ಇನ್ನೂ ಒಳ್ಳೆಯದು, ನೆಲದಿಂದ ಏಳೋ ಕಷ್ಟ ತಪ್ಪುತ್ತದೆ.

ಇಷ್ಟೆಲ್ಲ ಕೇಳಿ ಬೇಡ ಅನ್ನಿಸಿದರೆ ಬೇರೆ ದಾರಿಗಳೂ ಇವೆ. ಲೀ ವೈನಿಂಗ್ ಕಣಿವೆಯಲ್ಲಿ ದುಡ್ಡು ಕೊಡುವ ಕ್ಯಾಂಪ್‌ಗ್ರೌಂಡ್‌ಗಳಿವೆ. ಬುಕ್ಕಿಂಗ್ ಇಲ್ಲದೆ, ಮೊದಲು ಬಂದವರಿಗೆ ಅನ್ನೋ ಜಾಗಗಳೂ ಅಲ್ಲಿ ಸಿಗುತ್ತವೆ, ವಾರದ ನಡುವೆ ಬೆಳಗ್ಗೆ ಹತ್ತು ಹನ್ನೊಂದಕ್ಕೆ ಹೋದರೆ. ಕಕ್ಕಸು ಇರುತ್ತದೆ, ಬೆಂಕಿ ಬಳೆ ಇರುತ್ತದೆ. ಇದರ ಅಪಾಯ ಒಂದೇ: ತುಂಬಿಹೋಗಿರಬಹುದು. ಊರಿನ ಮೋಟೆಲ್‌ನಲ್ಲಿ ಉಳಿದು, ಮುಂಜಾನೆ ಸಂಜೆ ಮಾತ್ರ ಸುಣ್ಣಕಲ್ಲಿನ ಕಂಬಗಳಿರುವ ಸೌತ್ ಟೂಫಾ ದಡಕ್ಕೆ ಹೋಗಿ ಬರೋದು ಇನ್ನೊಂದು ದಾರಿ. ಖರ್ಚು ಜಾಸ್ತಿ, ಆದರೆ ಮಾವನವರಿಗೆ ಹಾಸಿಗೆ ಗ್ಯಾರಂಟಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಬೆರೆಸುತ್ತಿದ್ದೆ. ಮೊದಲ ರಾತ್ರಿ ದುಡ್ಡು ಕೊಟ್ಟು, ಕಕ್ಕಸು ಇರುವ ಕಡೆ. ಎತ್ತರಕ್ಕೆ ಮೈ ಒಗ್ಗುತ್ತದೆ, ಮಾವನವರು ಹೇಗೆ ಮಲಗಿದರು ಅಂತಲೂ ತಿಳಿಯುತ್ತದೆ. ಮಾರನೇ ದಿನ ಬೆಳಗ್ಗೆ ಲೀ ವೈನಿಂಗ್‌ನ ಉತ್ತರಕ್ಕಿರುವ ಫಾರೆಸ್ಟ್‌ನ ವಿಸಿಟರ್ ಸೆಂಟರ್‌ಗೆ ಹೋಗಿ, ನಕ್ಷೆ ಹರಡಿ, "ಈ ವಾರ ಎಲ್ಲಿ ಮಲಗಬಹುದು? ಬೆಂಕಿ ನಿರ್ಬಂಧ ಇದೆಯಾ? ಯಾವ ರಸ್ತೆ ಮೆತ್ತಗಿದೆ?" ಅಂತ ಕೇಳಿ. ಆ ಮೂರು ಪ್ರಶ್ನೆಗೆ ಸಿಗುವ ಉತ್ತರ ಯಾವ ಆ್ಯಪ್‌ನಲ್ಲೂ ಇಲ್ಲ. ಆಮೇಲೆ ಬೆಳಕಿರುವಾಗಲೇ, ಮಧ್ಯಾಹ್ನ ಮೂರರೊಳಗೆ ಜಾಗ ಹಿಡಿಯಿರಿ. ಉಳಿದ ಎರಡು ರಾತ್ರಿ ಅಲ್ಲಿ. ಒಂದೇ ಕಡೆ ಇರಲು ಸಾಮಾನ್ಯವಾಗಿ 14 ದಿನದ ಮಿತಿ ಇರುತ್ತದೆ, ನಿಮಗೆ ಅದರ ಚಿಂತೆ ಇಲ್ಲ.

ಹೊರಡುವ ಹಿಂದಿನ ದಿನ ಟಯೋಗಾ ರಸ್ತೆ ತೆರೆದಿದೆಯಾ ಅಂತ ನೋಡಿಕೊಳ್ಳಿ. ಸೆಪ್ಟೆಂಬರ್‌ನಲ್ಲಿ ಸಾಮಾನ್ಯವಾಗಿ ತೆರೆದೇ ಇರುತ್ತದೆ, ಆದರೆ ಒಂದು ಅಕಾಲ ಹಿಮ, ಒಂದು ಕಾಡ್ಗಿಚ್ಚು ಬಂದರೆ ಮುಚ್ಚುತ್ತಾರೆ. ಆಗ ಉತ್ತರದ 108 ಹೆದ್ದಾರಿ, ಸೊನೋರಾ ಪಾಸ್ ಮೇಲಿಂದ ಬರಬೇಕು. ಟಯೋಗಾ ದಾರಿ ಯೊಸೆಮಿಟಿ ಪಾರ್ಕ್‌ನ ಒಳಗೇ ಹಾಯುವುದರಿಂದ ಅಲ್ಲಿ ಪ್ರವೇಶ ಶುಲ್ಕ ಕಟ್ಟಬೇಕು. ನಿಮ್ಮ "ಫ್ರೀ" ಟ್ರಿಪ್ಪಿನ ಮೊದಲ ಖರ್ಚು ಅದೇ.

ಆ ಕರೀ ನೊಣಗಳನ್ನು ಮಗಳಿಗೆ ತೋರಿಸೋದು ಮರೆಯಬೇಡಿ. ಕಚ್ಚಲ್ಲ, ಮುಖಕ್ಕೂ ಮುತ್ತಲ್ಲ. ದಡದಲ್ಲಿ ನಡೆದರೆ ಕಾಲಿಟ್ಟ ಕಡೆಯಿಂದ ಕರೀ ಚಾಪೆ ಸರಿದು ದಾರಿ ಬಿಟ್ಟ ಹಾಗೆ ಏಳುತ್ತವೆ. ಬಗ್ಗಿ ನೋಡಿದರೆ ಮೈಸುತ್ತ ಗಾಳಿಯ ಗುಳ್ಳೆ ಕಟ್ಟಿಕೊಂಡು, ಬೆಳ್ಳಿ ಮಣಿಯ ಹಾಗೆ ಹೊಳೆಯುತ್ತ ನೀರಿನೊಳಗೆ ಇಳಿಯೋದು ಕಾಣುತ್ತದೆ. ಅಲ್ಲಿಯ ಮೂಲ ನಿವಾಸಿಗಳಾದ ಕುಟ್ಜಾಡಿಕಾ ಜನ ಈ ನೊಣದ ಪ್ಯೂಪಾಗಳನ್ನು (ಹುಳು ನೊಣವಾಗುವ ಮೊದಲಿನ ಕೋಶ) ಒಣಗಿಸಿ ತಿನ್ನುತ್ತಿದ್ದರು. ನಿಮ್ಮ ಮಗಳು ಮೂಗು ಮುರಿಯುತ್ತಾಳೆ, ಗ್ಯಾರಂಟಿ.